ಹನ್ನೆರಡು ಅಡಿಯ ಕೋಡಿ

ತಮಿಳುನಾಡಿನ ಕೊಂಬೈ ಬಳಿಯ ಆ ತೋಟದ ಕೆರೆಯ ಏರಿ ಒಡೆದದ್ದು ನನ್ನ ಲೆಕ್ಕದಿಂದ. ಬೊಮ್ಮಯ್ಯ ಮಾವನ ಬಲೆಯಿಂದಲ್ಲ. ಎರಡು ವರ್ಷ ಇದನ್ನು ಬಾಯಿಬಿಟ್ಟು ಹೇಳಲಿಲ್ಲ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ದಿಂಡಿಗಲ್ಲಿನಲ್ಲಿ ಹಾಸ್ಟೆಲ್ ಸಾಂಬಾರು ತಿಂದು ಸಿವಿಲ್ ಇಂಜಿನಿಯರ್ ಆದೆ. ಆ ಹೆಮ್ಮೆ ಈಗಲೂ ಇದೆ, ಮುಚ್ಚಿಡುವುದಿಲ್ಲ. ತೋಟದ ಯಜಮಾನರೊಬ್ಬರು ಗುಡ್ಡದ ಬುಡದಲ್ಲಿ ಕೆರೆ ಕಟ್ಟಿಸುವಾಗ ತುರ್ತು ಕೋಡಿಯ ಅಳತೆ ಕೊಡುವ ಕೆಲಸ ನನಗೆ ಬಂತು — ಅತಿಮಳೆಯ ದಿನ ತೂಬಿಗೆ ಮೀರಿದ ನೀರು ಏರಿಯ ಮೇಲೆ ಹತ್ತದೆ ಪಕ್ಕದಿಂದ ಹೊರಹೋಗುವ ದಾರಿ ಅದು. ಹನ್ನೆರಡು ಅಡಿ ಅಗಲ ಸಾಕೆಂದು ಬರೆದೆ.

ಕೆಳಗಿನ ದ್ರಾಕ್ಷಿ ತೋಟದ ಬೊಮ್ಮಯ್ಯ ಮಾವ ನಾನು ನೆಡಿಸಿದ ಗೂಟಗಳನ್ನು ನೋಡಿ ನಕ್ಕರು.

"ಏನಮ್ಮಾ ಇಂಜಿನಿಯರು, ಇದು ಕೋಡಿಯಾ, ಕೋಳಿಗೂಡಿನ ಬಾಗಿಲಾ? ಗುಡ್ಡದ ಮೇಲಿನ ಎಸ್ಟೇಟಿಗೆ ಜೀಪು ರೋಡು ಹಾಕಿದ ಮೇಲೆ ಆ ಕಡೆ ಓಡೆ ಹಳ್ಳದ ನೀರೂ ಈ ಕಡೀಕೇ ತಿರುಗೈತೆ. ಮೇಲೆ ಹತ್ತಿ ನೋಡು ತಾಯಿ, ನಕ್ಷೆಯಾಗೆ ಮಳೆ ಬರಾದಿಲ್ಲ."

ನಾನು ಹತ್ತಲಿಲ್ಲ. ಓದು ಬಾರದ ಮನುಷ್ಯ, ಹೆಣ್ಣೆಂದು ನನ್ನನ್ನು ಎಲ್ಲರ ಮುಂದೆ ಪರೀಕ್ಷಿಸುತ್ತಿದ್ದಾನೆ — ಹೀಗೊಂದು ಅನುಮಾನ. ಕೋಡಿ ಅಗಲವಾದರೆ ಹೆಚ್ಚು ನೀರು ತನ್ನ ಬಾವಿಯ ಪಕ್ಕ ಹರಿಯಲೆಂಬ ಹಂಚಿಕೆ ಇರಬೇಕು — ಇನ್ನೊಂದು ಅನುಮಾನ. ನನ್ನ ಕೈಯಲ್ಲಿದ್ದ ನಕ್ಷೆ ಆ ರೋಡಿಗಿಂತ ಹಳೆಯದಿರಬಹುದೆಂಬ ಅನುಮಾನ ಮಾತ್ರ ಹುಟ್ಟಲಿಲ್ಲ.

ಐಪ್ಪಸಿ ತಿಂಗಳ ಹಿಂಗಾರು ಮಳೆಗೆ ಏರಿ ಕಿತ್ತುಹೋಯಿತು. ಮಾವನ ದ್ರಾಕ್ಷಿ ಚಪ್ಪರ ಕಂಬಗಳ ಸಮೇತ ಮಲಗಿತು. ಮಾರನೆಯ ದಿನ ಒಬ್ಬಳೇ ಗುಡ್ಡ ಹತ್ತಿದೆ. ರೋಡಿನ ಚರಂಡಿ ಇಡೀ ಹಳ್ಳವನ್ನೇ ಕೆರೆಗೆ ತಂದು ಸುರಿದಿತ್ತು. ಮೂವತ್ತು ಅಡಿ ಬೇಕಿತ್ತು. ಗೊತ್ತಾಯಿತು. ಗೊತ್ತಾಗಿಯೇ ಕೆಳಗಿಳಿದೆ —

"ಹೆಂಗಮ್ಮಾ ಒಡೀತು?" ಯಜಮಾನರು ಕೇಳಿದರು.

ಕೋಡಿಯ ಕಲ್ಲಿಗೆ ಸಿಕ್ಕಿದ್ದ ಹರಕು ಬಲೆ ಕಣ್ಣಿಗೆ ಬಿತ್ತು. ಯಜಮಾನರನ್ನು ಕೇಳಿಯೇ ಮಾವ ಮೀನಿಗಾಗಿ ಕಟ್ಟಿದ್ದು.

"ಕೋಡಿಗೆ ಅಡ್ಡ ಬಲೆ ಇತ್ತಲ್ಲ..." ಎಂದೆ.

ಅಷ್ಟೇ. ವಾಕ್ಯವನ್ನು ನಾನು ಮುಗಿಸಲಿಲ್ಲ. ಊರು ಮುಗಿಸಿತು. ಆ ಪ್ರವಾಹಕ್ಕೆ ಆ ಬಲೆ ಜೇಡನ ನೂಲಿಗಿಂತ ಹೆಚ್ಚಲ್ಲ ಎಂದು ಬಲ್ಲವಳು ನಾನೊಬ್ಬಳೇ. "ಒಂದು ಕೆಂಡೆ ಮೀನಿಗೆ ಆಸೆಪಟ್ಟು ಏರೀನೇ ನುಂಗಿದ ಗೌಡ ಬಂದ, ದಾರಿ ಬಿಡ್ರಪ್ಪಾ," ಎಂದು ಟೀ ಅಂಗಡಿಯಲ್ಲಿ ಜನ ಮಾವನೆದುರೇ ಅಂದರು. ಕೊನೆಗೆ ಅವರೂ ನಂಬಿಬಿಟ್ಟರು.

"ನನ್ನಿಂದ್ಲೇ ಆಗೋಯ್ತೇನೋ ತಾಯಿ?" ಎಂದು ನನ್ನನ್ನೇ ಕೇಳಿದರು.

ಎಲ್ಲ ಗೊತ್ತಿದ್ದೇ ಬಾಯಿ ಬಿಡಿಸುತ್ತಿದ್ದಾರೆಯೇ — ಆಗಲೂ ಅನುಮಾನಪಟ್ಟೆ. "ಯಾರಿಗ್ಗೊತ್ತು ಮಾವ," ಎಂದು ಸ್ಕೂಟರ್ ಹತ್ತಿದೆ. ಬಲೆಯ ಮಾತಿಗಿಂತ ಇದೇ ನನ್ನನ್ನು ಹೆಚ್ಚು —

ಈಗ ಏರಿಯನ್ನು ಮತ್ತೆ ಕಟ್ಟುತ್ತಿದ್ದಾರೆ. ಅದೇ ಹನ್ನೆರಡು ಅಡಿಯ ನಕ್ಷೆಗೆ ಸಹಿ ಕೇಳಿದರು. ಹಾಕಲಿಲ್ಲ. ಯಜಮಾನರಿಗೆ ನಿಜ ಹೇಳಿದೆ.

"ಜನ ಮರ್ತಾಯ್ತಲ್ಲಮ್ಮಾ. ಅಳತೆ ತಿದ್ದಿಕೊಡು, ಸಾಕು, ಪೋದುಂ," ಎಂದರು.

ಅಳತೆ ತಿದ್ದಿದ್ದೇನೆ. ಅದು ಸಾಲದು. ನಾಳೆ ಬೆಳಿಗ್ಗೆ ಆ ಟೀ ಅಂಗಡಿಯಲ್ಲೇ, ಎಲ್ಲರೂ ಕೂತಿರುವಾಗ, ಮಾವನಿಗೆ ಹೇಳುತ್ತೇನೆ. ಕ್ಷಮಿಸಿ ಎನ್ನುವುದಿಲ್ಲ. ಕ್ಷಮೆ ಕೇಳಿದರೆ, 'ಹೋಗಲಿ ಬಿಡು' ಎನ್ನಬೇಕಾದ ಭಾರವೂ ಅವರ ಮೇಲೆಯೇ ಬೀಳುತ್ತದೆ.