ಮೇಡಂ ಬರೆಯುವ ಅಂಕಿ

ನಮ್ಮ ಪ್ರಯೋಗಾಲಯದ ಮೇಡಂ ಕರೆಂಟು ಹರಿಸುವ ಪ್ಲಾಸ್ಟಿಕ್ ಮಾಡುವವರು. ಅಣುಗಳನ್ನು ಉದ್ದನೆಯ ಸರಪಳಿಯಾಗಿ ಹೆಣೆಯುತ್ತಾರೆ, ಅದು ಕಲ್ಲಾಗಿ ಕೂತು ದ್ರಾವಣದಲ್ಲಿ ಕರಗದಿದ್ದರೆ, "ಎಲಾ ಮೊಂಡ, ನಿನಗಿನ್ನೂ ಉದ್ದ ಬಾಲ ಬೇಕೇನೋ?" ಎಂದು ಗದರಿ, ಸರಪಳಿಯ ಪಕ್ಕಕ್ಕೆ ಬಾಲದಂಥ ಉದ್ದನೆಯ ಕೊಂಡಿ ಜೋಡಿಸುತ್ತಾರೆ. ಕರಗಿ ಕಡುನೀಲಿಯಾದರೆ ಸೀಸೆ ಹಿಡಿದು ಮಹಡಿಯೆಲ್ಲ ಮೆರವಣಿಗೆ. ಆದರೆ ಅಳತೆಗೆ ಕೂತರೆಂದರೆ ಮಹಾ ಜಿಪುಣರು. ಆ ಪ್ಲಾಸ್ಟಿಕ್ಕಿನಿಂದ ಮಾಡಿದ ಹತ್ತಾರು ಟ್ರಾನ್ಸಿಸ್ಟರುಗಳಲ್ಲಿ ಒಂದರಲ್ಲಿ ಕರೆಂಟು ಕುದುರೆಯಂತೆ ಓಡಿದರೂ, ಪ್ರಬಂಧದಲ್ಲಿ ಅವರು ಬರೆಯುವುದು ಎಲ್ಲದರ ಸರಾಸರಿ ಅಂಕಿ. "ಮೇಡಂ, ಎಲ್ಲರೂ ಚೆನ್ನಾಗಿ ಬಂದಿದ್ದನ್ನೇ ಹಾಕ್ತಾರೆ. ಹೀಗಾದ್ರೆ ಈ ಸಲಾನೂ ನಿಮ್ಮ ಬಡ್ತಿ ಹೋಗುತ್ತೆ" ಎಂದು ಗೋಗರೆದೆವು. "ಹೋಗ್ಲಿ ಬಿಡ್ರಪ್ಪ. ಅದೊಂದು ಅಪ್ಪಿತಪ್ಪಿ ಬಂದಿದ್ದು. ಅದನ್ನ ನಂಬಿ ಎಲ್ಲೋ ಓದೋ ಯಾರೋ ಮಗು ತನಗೂ ಅಷ್ಟೇ ಬರಲಿ ಅಂತ ಒದ್ದಾಡಬೇಕಾ?" ಎಂದರು. ಬಡ್ತಿ ಹೋಗಿಯೇ ಹೋಯಿತು. ತಾವು ಓದುವ ಕಾಲದಲ್ಲಿ ಯಾರೋ ಬರೆದ, ಅಪ್ಪಿತಪ್ಪಿ ಬಂದ ಅಂಥದೊಂದು ಅಂಕಿಯ ಬೆನ್ನು ಹತ್ತಿ ಅವರೇ ವರ್ಷಗಟ್ಟಲೆ ಒದ್ದಾಡಿದ್ದರೆಂದು ನಮಗೆ ತಿಳಿದದ್ದು ಆಮೇಲೆ. ಮೊನ್ನೆ ಗುರುತು ಪರಿಚಯವಿಲ್ಲದ ವಿದ್ಯಾರ್ಥಿನಿಯೊಬ್ಬಳು ಫೋನು ಮಾಡಿದಳು: "ಮೇಡಂ, ನೀವು ಬರೆದ ಹಾಗೇ ಮಾಡ್ದೆ. ಮೊದಲ್ನೇ ಸಲಕ್ಕೇ ಬಂತು, ನೀವು ಹೇಳಿದಷ್ಟೇ!" ಮೇಡಂ ಫೋನನ್ನು ನಮ್ಮೆಲ್ಲರ ಕಡೆ ಹಿಡಿದು, "ಇನ್ನೊಂದ್ಸಲ ಹೇಳಮ್ಮಾ" ಎಂದರು.