ಸೀನುಮಾಮನ ಮೊದಲ ಜೋಕು

ಹಳೆಯ ಕಾಲದ ಹೇರ್ ಕ್ರೀಮಿನ ವಾಸನೆ ಮೂಗಿಗೆ ಬಡಿದರೆ ಸಾಕು, ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿದ್ದ ನಮ್ಮ ಮನೆಯ ಬೇಸ್‌ಮೆಂಟು ಕಣ್ಮುಂದೆ ಬರುತ್ತದೆ. ನಿಮ್ಮ ನೆನಪಿನಲ್ಲೂ ಅಂಥದ್ದೊಂದು ವಾಸನೆ ಇರಬಹುದು. ಆ ಕಂದು ಸೋಫಾ, ಅಮ್ಮ ಕಳಿಸುತ್ತಿದ್ದ ಬಿಸಿ ಚಕ್ಕುಲಿ, ಮತ್ತು ಅಮ್ಮನ ಅಣ್ಣ ಸೀನುಮಾಮ. ಮೈಸೂರಿನಿಂದ ಇಂಜಿನಿಯರಿಂಗ್ ಓದಲು ಇಂಗ್ಲೆಂಡಿಗೆ ಹೋಗಿ, ಓದಿಗೆ ಕೈಕೊಟ್ಟು, ಕಾರ್ಖಾನೆ ಊರುಗಳ ಕ್ಲಬ್ಬುಗಳಲ್ಲಿ ಬಿಯರ್ ಕುಡಿಯುವವರನ್ನು ನಗಿಸಿ ಹೊಟ್ಟೆ ಹೊರೆದವನು. ಆಮೇಲೆ ಅಲ್ಲಿನ ಟಿವಿಯಲ್ಲಿ ಸಣ್ಣಪುಟ್ಟ ಪಾತ್ರಗಳು: ಬಸ್ ಕಂಡಕ್ಟರ್, ಅಂಗಡಿಯವನು, ಹೆಚ್ಚಾಗಿ ಡಾಕ್ಟರು. ತೊಂಬತ್ತರ ದಶಕದಲ್ಲಿ, ಮಂಡಿ ಸೋತ ಮೇಲೆ, ತಂಗಿಯ ಮನೆಗೆ ಬಂದ. ಶನಿವಾರ ಸಂಜೆ ಚಾನೆಲ್ಲೊಂದು ಹಳೆಯ ಬ್ರಿಟಿಷ್ ಹಾಸ್ಯ ಧಾರಾವಾಹಿ ಹಾಕುತ್ತಿತ್ತು. ಮಾಮ ಕಾಣುತ್ತಿದ್ದುದು ಅರೆ ನಿಮಿಷ. ಅಷ್ಟಕ್ಕೇ ನಾವು ಕಾದು ಕೂತು, ಬಂದ ಕೂಡಲೇ ಕಿರುಚುತ್ತಿದ್ದೆವು.

"ಕಣ್ಣು ಮಿಟುಕಿಸಿದ್ರೆ ನಾನಿಲ್ಲ, ನೋಡ್ಕೊಳಿ," ಎನ್ನುತ್ತಿದ್ದ.

ಅವನಿಗಿದ್ದದ್ದು ಒಂದೇ ಆಸೆ: ಸಾಯುವುದರೊಳಗೆ ಒಮ್ಮೆ ನಮ್ಮವರನ್ನು ಕನ್ನಡದಲ್ಲಿ ನಗಿಸಬೇಕು. ಕನ್ನಡ ಸಂಘದ ಯುಗಾದಿಯಲ್ಲಿ, ಮಕ್ಕಳ ಡ್ಯಾನ್ಸಿಗೂ ಊಟಕ್ಕೂ ನಡುವೆ, ಹತ್ತು ನಿಮಿಷ ಸಿಕ್ಕಿತು. ತಿಂಗಳಿಡೀ ಕನ್ನಡಿ ಮುಂದೆ ಅಭ್ಯಾಸ ಮಾಡಿದ. ಕ್ಲಬ್ಬಿನ ಗುಟ್ಟೊಂದನ್ನು ನನಗೆ ಮಾತ್ರ ಹೇಳಿದ.

"ಪುಟ್ಟಿ, ಮೊದಲ್ನೇ ಜೋಕಿಗೆ ನೀನು ಜೋರಾಗಿ ನಗ್ಬೇಕು. ಒಬ್ರು ಶುರು ಮಾಡಿದ್ರೆ ಇಡೀ ಸಭೆ ನಗುತ್ತೆ. ಅಲ್ಲಿ ಇದಕ್ಕೇ ಒಬ್ಬ ಫ್ರೆಂಡ್ ಇಟ್ಕೊಂಡಿದ್ದೆ."

"ಐ ಪ್ರಾಮಿಸ್, ಮಾಮ."

ಮಿರುಗುವ ನೀಲಿ ಕೋಟು ತೊಟ್ಟು, ಕ್ರೀಮು ಹಚ್ಚಿ ತಲೆ ಬಾಚಿ ವೇದಿಕೆಗೆ ಬಂದ. "ಇಂಗ್ಲೆಂಡಲ್ಲಿ ಇಪ್ಪತ್ತು ವರ್ಷ ಡಾಕ್ಟರ್ ಪಾರ್ಟು ಮಾಡ್ದೆ. ಒಬ್ಬ ಪೇಷೆಂಟೂ ಸಾಯ್ಲಿಲ್ಲ. ನಿಮ್ಮಲ್ಲಿ ಯಾರಾದ್ರೂ ಹಾಗೆ ಹೇಳಿ ನೋಡೋಣ!" ಸಭೆಯಲ್ಲಿ ಅರ್ಧ ಜನ ನಿಜವಾದ ಡಾಕ್ಟರುಗಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾಮ ನನ್ನ ಕಡೆ ತಿರುಗಿ ಕಾದ. ಪಕ್ಕದ ಗೆಳತಿ ಪಿಸುಗುಟ್ಟಿದಳು: "ಈಸ್ ದಟ್ ಯುವರ್ ಅಂಕಲ್? ಸೋ ವಿಯರ್ಡ್." ನನಗೆ ಹನ್ನೆರಡು ವರ್ಷ. ನಾನು ಬಗ್ಗಿ ಶೂ ಲೇಸ್ ಕಟ್ಟಿಕೊಂಡೆ. ಹಿಂದುಗಡೆ ಬಿಸಿಬೇಳೆಬಾತಿನ ಪಾತ್ರೆಯ ಮುಚ್ಚಳ ತೆಗೆದ ಸದ್ದಾಯಿತು. ಜನ ಒಬ್ಬೊಬ್ಬರಾಗಿ ಎದ್ದರು.

ಕಾರಿನಲ್ಲಿ ಅವನೇ ನನ್ನ ತಲೆ ಸವರಿದ. "ತಪ್ಪು ನಂದೇ ಪುಟ್ಟಿ. ಹಸಿದವರು ಯಾರಾದ್ರೂ ನಗ್ತಾರಾ?" ಆ ನೀಲಿ ಕೋಟನ್ನು ಮತ್ತೆ ತೊಡಲಿಲ್ಲ.

ಮಾಮ ಹೋಗಿ ಎಷ್ಟೋ ವರ್ಷವಾಯಿತು. ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಅಪ್ಪ ಅಂದು ನನ್ನ ಹಿಂದಿನ ಸಾಲಿನಿಂದ ತೆಗೆದ ವಿಡಿಯೋ ಮಾತ್ರ ನನ್ನಲ್ಲಿದೆ. ಯುಗಾದಿಯ ದಿನ ಹಾಕಿಕೊಂಡು ನೋಡುತ್ತೇನೆ. ಮೊದಲ ಜೋಕು ಮುಗಿದು ಮಾಮ ಈ ಕಡೆ ತಿರುಗಿದಾಗ, ಒಬ್ಬಳೇ ಕೂತು ಜೋರಾಗಿ ನಗುತ್ತೇನೆ. ಅವನು ಕಾಯುತ್ತಲೇ ಇರುತ್ತಾನೆ.