ಅತ್ತೆಯವರು ಮುಟ್ಟಿದ ಸಾಲಿಗ್ರಾಮ

ಮ್ಯೂಸಿಯಂ ಎಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಒಡೆದ ಗಡಿಗೆ, ತುಕ್ಕು ಹಿಡಿದ ಕತ್ತಿ ನೋಡಲು ಟಿಕೀಟು ಬೇರೆ ತೆಗೆಸಬೇಕೇ, ನಮ್ಮ ಅಟ್ಟದ ಮೇಲೆ ಬೇಕಾದಷ್ಟಿವೆ ಎಂದು ಗೊಣಗುತ್ತಲೇ ಮೊಮ್ಮಗಳ ಹಿಂದೆ ಹೋದೆ. ಆಕೆ ಭೂಗರ್ಭಶಾಸ್ತ್ರ ಓದುವವಳು. ನಾವು ಸೀರೆ ಅಂಗಡಿಯ ಮುಂದೆ ನಿಲ್ಲುವ ಹಾಗೆ ಆಕೆ ಕಲ್ಲಿನ ಮುಂದೆ ನಿಲ್ಲುತ್ತಾಳೆ. ಒಂದು ಗಾಜಿನ ಪೆಟ್ಟಿಗೆಯಲ್ಲಿ ಸಮುದ್ರದ ಚಿಪ್ಪುಗಳಿದ್ದವು, ಎಲ್ಲವೂ ಕಲ್ಲಾದವು. ಕೋಟ್ಯಂತರ ವರ್ಷಗಳ ಹಿಂದೆ ದಕ್ಷಿಣ ಧ್ರುವದ ಕಡೆಯ ಸಮುದ್ರಗಳಲ್ಲಿ ಬದುಕಿದ್ದ ಪ್ರಾಣಿಗಳ ಚಿಪ್ಪಂತೆ ಅವು. ಪಕ್ಕದಲ್ಲಿ ಒಂದು ಕರಿ ಗುಂಡುಕಲ್ಲು, ನಡುವೆ ಒಡೆದದ್ದು. ಒಳಗೆ ಚಕ್ಕುಲಿಯಂಥ ಸುತ್ತು.

"ಇದೂ ಅವುಗಳ ಬಳಗದ್ದೇ ಅಜ್ಜಿ. ನೀವು ಪೂಜಿ ಮಾಡೋ ಸಾಲಿಗ್ರಾಮ ಇದೇ" ಎಂದಳು.

ಆಗ ನಮ್ಮ ನೆಲ ಎಲ್ಲೋ ದಕ್ಷಿಣದಲ್ಲಿತ್ತು, ತೇಲುತ್ತ ಉತ್ತರಕ್ಕೆ ಹೋಯಿತು, ಸಮುದ್ರದ ತಳವೇ ಎದ್ದು ಹಿಮಾಲಯವಾಯಿತು ಎಂದು ಆಕೆ ಹೇಳುತ್ತಲೇ ಇದ್ದಳು. ನನಗೆ ಅರ್ಧ ಕೇಳಿಸಿತು, ಅರ್ಧ ಇಲ್ಲ. ಕಣ್ಣು ಆ ಒಡೆದ ಕಲ್ಲಿನ ಮೇಲೇ ಇತ್ತು. ಒಡೆದ ಸಾಲಿಗ್ರಾಮವನ್ನು ನಾನು ಎಂದೂ ನೋಡಿರಲಿಲ್ಲ ನೋಡಿ. ಅಷ್ಟೇ ಏಕೆ, ಇಡೀ ಸಾಲಿಗ್ರಾಮವನ್ನೂ ಹೊಸ್ತಿಲ ಈಚೆ ನಿಂತೇ ನೋಡಿದವಳು ನಾನು.

ಐವತ್ತರ ದಶಕದಲ್ಲಿ ನಾನು ರೋಣದ ಆ ಮನೆಗೆ ಸೊಸೆಯಾಗಿ ಬಂದಾಗ ದೇವರ ಪೆಟ್ಟಿಗೆಯಲ್ಲಿ ಒಂದೇ ಒಂದು ಸಾಲಿಗ್ರಾಮವಿತ್ತು, ಜಾಯಿಕಾಯಿಗಿಂತ ಒಂದಿಷ್ಟು ದೊಡ್ಡದು. ಅದಕ್ಕೆ ದಿನಾಲೂ ಅಭಿಷೇಕ, ತುಳಸಿ, ನೈವೇದ್ಯ ಆಗಲೇಬೇಕು. ಆಗುವ ತನಕ ಮನೆಯ ಹಿರಿಯರು ಅನ್ನ ಮುಟ್ಟುವಂತಿಲ್ಲ. ಹೆಂಗಸರಂತೂ ಸಾಲಿಗ್ರಾಮವನ್ನೇ ಮುಟ್ಟುವಂತಿಲ್ಲ. ಹೂವು ತರುವುದು, ಗಂಧ ತೇಯುವುದು, ನೈವೇದ್ಯದ ಅಡಿಗೆ ಮಾಡುವುದು ಎಲ್ಲ ನಮ್ಮದು, ದೇವರು ಮಾತ್ರ ಗಂಡಸರದು. ನನಗೆ ಆಗ ಇದರಲ್ಲಿ ಏನೂ ವಿಚಿತ್ರ ಅನ್ನಿಸಿರಲಿಲ್ಲ. ಒಂದು ಕೆಲಸವಾದರೂ ತಪ್ಪಿತಲ್ಲ ಎಂದು ಒಳಗೊಳಗೇ ಖುಷಿಯೂ ಆಗಿತ್ತು.

ಒಂದು ಮಳೆಗಾಲಕ್ಕೆ ಮಾವನವರಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ನನ್ನ ಯಜಮಾನರು ನರಗುಂದದಲ್ಲಿ ಸಾಲಿ ಮಾಸ್ತರು, ವಾರಕ್ಕೊಮ್ಮೆ ಬರುವವರು. ಉಳಿದ ದಿನ ಪೂಜೆಗೆ ಒಬ್ಬ ವಯಸ್ಸಾದ ಆಚಾರ್ಯರು ಬರುತ್ತಿದ್ದರು. ಅವರು ಮಗಳನ್ನು ನೋಡಿ ಬರುತ್ತೇನೆಂದು ಹೊಳೆಮಣ್ಣೂರಿಗೆ ಹೋದರು, ಹಿಂದೆಯೇ ಮಲಪ್ರಭೆ ತುಂಬಿ ಬಂತು. ಇತ್ತ ಯಾವಗಲ್ಲ ಊರಿನ ಕಡೆ ಹಳ್ಳ ಏರಿ ನರಗುಂದದ ದಾರಿಯೂ ಕಟ್ಟಿತು. ಪಕ್ಕದ ಮನೆಯಲ್ಲಿ ದಾಯಾದಿಗಳಿದ್ದರು, ಆದರೆ ಹೊಲದ ಬದುವಿನ ಜಗಳದಲ್ಲಿ ಮಾತು ಬಿಟ್ಟವರು. ಅವರನ್ನು ಕರೆಯೋಣವೇ ಎಂದು ಅತ್ತೆಯವರು ಕೇಳಿದರೆ ಮಾವನವರು ಗೋಡೆಯ ಕಡೆ ಮುಖ ತಿರುಗಿಸಿದರು. ಆ ಹಟಕ್ಕೆ ಮಾತ್ರ ಲಕ್ವಾ ಹೊಡೆದಿರಲಿಲ್ಲ.

ಹಾಗಾಗಿ ಪೂಜೆ ನಿಂತಿತು, ಅತ್ತೆಯವರ ಊಟವೂ ನಿಂತಿತು. ನಾನು ಬಸುರಿ, ನನ್ನನ್ನು ಮಾತ್ರ ಗದರಿಸಿ ಉಣ್ಣಿಸುತ್ತಿದ್ದರು. ರೋಗಿಗೆ ನೇಮವಿಲ್ಲವೆಂದು ಮಾವನವರಿಗೆ ಗಂಜಿ ಕುಡಿಸುತ್ತಿದ್ದರು, ಅವರನ್ನು ಎತ್ತಿ ಹೊರಳಿಸುತ್ತಿದ್ದರು. ಇಷ್ಟೆಲ್ಲ ಒಂದು ಲೋಟ ಹಾಲಿನ ಮೇಲೆ. ಮೂರನೆಯ ದಿನ ನೀರು ಸೇದಲು ಹೋದವರು ಬಾವಿಕಟ್ಟೆ ಹಿಡಿದು ಕೂತುಬಿಟ್ಟರು. ಆಮೇಲೆ ಎದ್ದು ತಲೆಯ ಮೇಲೆ ತಣ್ಣೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಅಡಿಗೆ ಮಾಡಿ, ನೇರ ದೇವರ ಕೋಣೆಗೆ ಹೋದರು. ಸಾಲಿಗ್ರಾಮವನ್ನು ಕೈಯಿಂದ ಎತ್ತಿ ತಟ್ಟೆಯಲ್ಲಿಟ್ಟು ನೀರೆರೆದರು. ತುಳಸಿ ಏರಿಸಿ ನೈವೇದ್ಯ ಮಾಡುವುದನ್ನು ನಾನು ಹೊಸ್ತಿಲಲ್ಲಿ ನಿಂತು ನೋಡಿದೆ.

ಮಳೆ ನಿಂತಿತು, ದಾರಿ ತೆರೆಯಿತು, ನನ್ನ ಯಜಮಾನರು ಬಂದರು. ಅದೇ ವಾರ ಮಾವನವರು ತೀರಿಕೊಂಡರು.

ಲಕ್ವಾದವರು ಎಷ್ಟು ದಿನ ಬಾಳಿಯಾರು ಎಂದು ಊರೆಲ್ಲ ಸಮಾಧಾನ ಹೇಳಿತು. ಅತ್ತೆಯವರಿಗೆ ಮಾತ್ರ ಗೊತ್ತಿತ್ತು, ಅವರನ್ನು ಕೊಂದದ್ದು ತಮ್ಮ ಕೈ ಎಂದು. ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಒಂದೇ ಸಲ ಬಾಯಿ ಬಿಟ್ಟರು. "ದೇವರ ಸಲುವಾಗಿ ಮುಟ್ಟಿದ್ರ ಅವ ಹೊಟ್ಟ್ಯಾಗ ಹಾಕ್ಕೋತಿದ್ದನವಾ. ನಾ ಅವನ ಸಲುವಾಗಿ ಮುಟ್ಟಲಿಲ್ಲ."

ಮುಂದೆ ಅವರು ಹೊಟ್ಟೆ ತುಂಬ ಉಂಡದ್ದನ್ನು ನಾನು ನೋಡಲಿಲ್ಲ. ಗಂಡ ಹೋದವಳ ವ್ರತ ಎಂದು ಜನ ಕೈ ಮುಗಿದರು. ಎಷ್ಟೋ ವರ್ಷದ ಮೇಲೆ ಅವರ ಕೊನೆ ಗಳಿಗೆಗೆ ನನ್ನ ಯಜಮಾನರು ಸಾಲಿಗ್ರಾಮದ ತೀರ್ಥ ತಂದು ಬಾಯಿಗೆ ಹಿಡಿದಾಗ ತುಟಿ ಬಿಗಿದುಕೊಂಡರು. ತುಳಸಿದಳ ಗಲ್ಲದ ಮೇಲೆ ಜಾರಿತು. ಎಚ್ಚರವಿಲ್ಲ ಎಂದರು ಎಲ್ಲರೂ. ಎಚ್ಚರವಿತ್ತು. ನನ್ನನ್ನೇ ನೋಡುತ್ತಿದ್ದರು.

ಇದನ್ನೆಲ್ಲ ನಾನು ಯಾರಿಗೂ, ಯಜಮಾನರಿಗೂ, ಹೇಳಿರಲಿಲ್ಲ. ಅವತ್ತು ಆ ಗಾಜಿನ ಮುಂದೆ ಮೊಮ್ಮಗಳಿಗೆ ಹೇಳಿದೆ. ಅತ್ತೆಯವರು ಮುಟ್ಟುವ ಎಷ್ಟೋ ಮೊದಲೇ, ಇನ್ನೂ ಮನುಷ್ಯರೇ ಇಲ್ಲದ ಕಾಲದಲ್ಲಿ, ಆ ಚಿಪ್ಪಿನೊಳಗಿನ ಜೀವ ಸತ್ತು ಹೋಗಿತ್ತಂತೆ. ಅದನ್ನೇ ಹಿಡಿದು ಈ ಹುಡುಗಿ ನನಗೊಂದು ಪಾಠ ಮಾಡುತ್ತಾಳೆ ಎಂದುಕೊಂಡಿದ್ದೆ. ಮಾಡಲಿಲ್ಲ. ನನ್ನ ಕೈ ಹಿಡಿದು ಕೇಳಿದಳು.

"ಆ ದಿನಾ ಅವರು ಉಂಡ್ರೇನು ಅಜ್ಜಿ?"

ಉಂಡಿದ್ದರು. ಬಿಸಿ ಅನ್ನ, ತೊವ್ವೆ, ಮೇಲೆ ತುಪ್ಪ. ನಾನೇ ಬಡಿಸಿದ್ದೆ. ಹಾಕಿದಷ್ಟೂ ಹಾಕಿಸಿಕೊಂಡರು. ಒಳಗಿನ ಕೋಣೆಯಲ್ಲಿ ಮಾವನವರು ನರಳುವುದು ಕೇಳುತ್ತಿತ್ತು; ಅತ್ತೆಯವರು ಎಲೆಯಿಂದ ತಲೆ ಎತ್ತಲಿಲ್ಲ. ಎಲ್ಲ ಮುಗಿದ ಮೇಲೆ ನನ್ನ ಮುಖ ನೋಡಿ, ಸಣ್ಣ ಹುಡುಗಿಯ ಹಾಗೆ ನಾಚಿಕೊಂಡು ಅಂದರು:

"ಭಾಳ ಹಸಿವಾಗಿತ್ತವಾ."